ಜಾನಪದ ರಾಕ್ ಬ್ಯಾಂಡ್ ಕಟ್ಟಿದೀವಿ, ಇದ್ರಲ್ಲೇ ಜೀವನ ಮಾಡ್ಬೋದಾ?

ಪ್ರಶ್ನೆ: ಸಾರ್, ನಾವು ಐದು ಜನ, ಪಾಂಡವಪುರ ಮಂಡ್ಯ ಕಡೆಯವ್ರು. ಇಂಜಿನಿಯರಿಂಗ್ ಓದ್ವಾಗ ಬ್ಯಾಂಡ್ ಶುರು ಮಾಡಿದ್ವಿ, ಮೂರು ವರ್ಷ ಆಯ್ತು. ಮಾದಪ್ಪನ ಪದ, ಮಂಟೇಸ್ವಾಮಿ ಪದ, ಷರೀಫರ ತತ್ವಪದ ಇವನ್ನ ಗಿಟಾರು ಡ್ರಮ್ಸ್ ಜೊತೆ ಹಾಡ್ತೀವಿ. ಕಾಲೇಜ್ ಫೆಸ್ಟು, ಗಣೇಶನ ಪ್ರೋಗ್ರಾಂ, ಮದುವೆ ರಿಸೆಪ್ಷನ್ ಸಿಗ್ತಿವೆ. ದೊಡ್ಡ ಬ್ಯಾಂಡ್‌ಗಳೆಲ್ಲ ಹೇಗೆ ಮೇಲೆ ಬಂದ್ವು? ಕೆಲಸ ಬಿಟ್ಟು ಇದ್ರಲ್ಲೇ ಇರ್ಬೋದಾ? ಈ ಹಾಡುಗಳಿಗೆ ಯಾರ್ದಾದ್ರೂ ಪರ್ಮಿಷನ್ ಬೇಕಾ? ನಮ್ಮ ವಯಲಿನ್ ಹುಡುಗನಿಗೆ ಬೆಂಗಳೂರಲ್ಲಿ ಕೆಲಸ ಆಗಿದೆ, ಬ್ಯಾಂಡ್ ನಿಂತೋಗುತ್ತೇನೋ ಅಂತ ಭಯ.

ಉತ್ತರ:

ನಾನು ಮೈಸೂರಲ್ಲಿ ಇಪ್ಪತ್ತೈದು ವರ್ಷದಿಂದ ಸೌಂಡ್ ಮಾಡ್ತಿದೀನಿ, ಕಲಾಮಂದಿರ, ರಂಗಾಯಣದ ವನರಂಗ, ಗಂಗೋತ್ರಿ ಬಯಲು ರಂಗಮಂದಿರ, ಆಮೇಲೆ ಈ ಕಡೆ ಮಂಡ್ಯ, ಶ್ರೀರಂಗಪಟ್ಣ, ಮಳವಳ್ಳಿ ಅಂತ ಎಲ್ಲಾ ಕಡೆ ಮಿಕ್ಸರ್ ಹಿಂದೆ ನಿಂತು ಬ್ಯಾಂಡ್‌ಗಳು ಹುಟ್ಟೋದನ್ನೂ ನೋಡಿದೀನಿ, ಎರಡು ವರ್ಷಕ್ಕೆ ಇಲ್ಲವಾಗೋದನ್ನೂ ನೋಡಿದೀನಿ. ಹಾಗಾಗಿ ನಿಮ್ಮ ಪ್ರಶ್ನೆ ಓದ್ದಾಗ ಮೊದ್ಲು ನನ್ ಕಣ್ಣಿಗೆ ಬಿದ್ದಿದ್ದು ನೀವು ಕೇಳಿರೋದಲ್ಲ, ನೀವು ಕೇಳದೇ ಬಿಟ್ಟಿರೋದು. ಮಾದಪ್ಪನ ಪದ ಹಾಡ್ತೀವಿ ಅಂತೀರ, ಯಾರ ಹತ್ರ ಕಲಿತ್ರಿ ಅಂತ ಬರ್ದಿಲ್ಲ. ಯೂಟ್ಯೂಬ್ ನೋಡ್ಕೊಂಡು ಕಲ್ತಿದ್ರೆ ತಪ್ಪು ಅಂತ ಹೇಳ್ತಿಲ್ಲ, ಎಲ್ರೂ ಹಾಗೇ ಶುರು ಮಾಡೋದು, ಆದ್ರೆ ಬ್ಯಾಂಡ್ ಎಷ್ಟು ವರ್ಷ ಉಳಿಯುತ್ತೆ ಅನ್ನೋದಕ್ಕೂ ಇದಕ್ಕೂ ನೇರ ಸಂಬಂಧ ಇದೆ, ಅದನ್ನ ಆಮೇಲೆ ಹೇಳ್ತೀನಿ.

ಮೊದ್ಲು ದೊಡ್ಡ ಬ್ಯಾಂಡ್‌ಗಳ ವಿಷ್ಯ. ನಮ್ಮೂರಿಂದಾನೇ ಶುರು ಮಾಡೋಣ. ರಘು ದೀಕ್ಷಿತ್ ಮೈಸೂರಲ್ಲೇ ಬೆಳೆದೋರು, ಮೈಸೂರು ಯೂನಿವರ್ಸಿಟೀಲಿ ಮೈಕ್ರೋಬಯಾಲಜಿ ಎಮ್ಮೆಸ್ಸಿ, ಅದ್ರಲ್ಲಿ ಚಿನ್ನದ ಪದಕ, ಭರತನಾಟ್ಯ ಬೇರೆ ಕಲ್ತಿದ್ರು. 90ರ ದಶಕದ ಕೊನೇಲಿ ಅಂತರಾಗ್ನಿ ಅನ್ನೋ ಬ್ಯಾಂಡ್ ಕಟ್ಟಿದ್ರು. ಮಧ್ಯೆ ಬೆಲ್ಜಿಯಂನಲ್ಲಿ ಕೆಲಸಾನೂ ಮಾಡಿದ್ರು. ಅಂತರಾಗ್ನಿ ನಿಂತೋಯ್ತು, ಆಮೇಲೆ ರಘು ದೀಕ್ಷಿತ್ ಪ್ರಾಜೆಕ್ಟ್ ಅಂತ ಹೊಸದಾಗಿ ಶುರು ಮಾಡಿದ್ರು. ಮೊದಲ್ನೇ ಆಲ್ಬಂ ಬಂದಿದ್ದು 2008ರಲ್ಲಿ, ಅದೂ ವಿಶಾಲ್-ಶೇಖರ್ ಜೋಡಿ ಇವರ ಹಾಡು ಕೇಳಿ ತಮ್ಮದೇ ಲೇಬಲ್ಲಿಂದ ಹೊರಗೆ ತಂದಿದ್ದು. ಲೆಕ್ಕ ಹಾಕಿ, ಹತ್ತು ವರ್ಷ ಆಯ್ತು. ಆ ಆಲ್ಬಂನಲ್ಲಿ ಹಿಂದಿ ಇತ್ತು, ಇಂಗ್ಲಿಷ್ ಇತ್ತು, ಷರೀಫರ ಪದಾನೂ ಇತ್ತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಶೋ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ, ಅದೇ ವರ್ಷ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿ. ಅಲ್ಲಿ ಲುಂಗಿ ಉಟ್ಕೊಂಡು ಕಾಲಿಗೆ ಗೆಜ್ಜೆ ಕಟ್ಕೊಂಡು ಷರೀಫರನ್ನ ಕನ್ನಡದಲ್ಲೇ ಹಾಡಿದ್ರು, ಅರ್ಥ ಆಗದೇ ಇರೋ ಜನ ಕುಣಿದ್ರು.

ಸ್ವರಾತ್ಮನೂ ಹಾಗೇನೆ. ವಾಸು ದೀಕ್ಷಿತ್ ಅವರ ಬ್ಯಾಂಡು, ವಾಸು ರಘು ಅವರ ತಮ್ಮ. 2002ರ ಸುಮಾರಿಗೆ ಶುರುವಾಗಿದ್ದು, 2006ರಲ್ಲಿ ಒಂದು ರೇಡಿಯೋ ಸ್ಪರ್ಧೆ ಗೆದ್ದು ಜನಕ್ಕೆ ಗೊತ್ತಾಯ್ತು, ಮೊದಲ ಆಲ್ಬಂ 2009ರಲ್ಲಿ, ಎರಡನೇದು 2012ರಲ್ಲಿ, ಮೂರನೇದು 2018ರಲ್ಲಿ. ಅವರ ಮೊದಲ ಆಲ್ಬಂನಲ್ಲಿ ಕಾವೇರಿ ನೀರಿನ ಜಗಳದ ಮೇಲೇ ಒಂದು ಹಾಡಿದೆ. ಮಂಡ್ಯದವ್ರು ನೀವು, ಕೆಆರ್‌ಎಸ್ ಮಟ್ಟ ಎಷ್ಟಡಿ ಅಂತ ದಿನಾ ಬೆಳಿಗ್ಗೆ ಪೇಪರಲ್ಲಿ ನೋಡೋ ಮನೆಗಳಲ್ಲಿ ಬೆಳೆದಿರೋರು, ಅಂಥ ಹಾಡು ನಿಮ್ಮಿಂದ ಯಾಕೆ ಬರಬಾರದು ಅಂತ ನಾನು ಯೋಚ್ನೆ ಮಾಡ್ತಿರ್ತೀನಿ.

ಈಗ ನನಗೆ ತುಂಬಾ ಇಷ್ಟವಾದ ಬ್ಯಾಂಡ್ ಒಂದರ ಕತೆ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಯಾಕಂದ್ರೆ ನಿಮ್ಮ ಸ್ಥಿತಿಗೆ ಇದಕ್ಕಿಂತ ಹತ್ರದ ಉದಾಹರಣೆ ನನಗೆ ಗೊತ್ತಿಲ್ಲ. ರನ್‌ರಿಗ್ ಅಂತ. ಸ್ಕಾಟ್ಲೆಂಡಿನ ಸ್ಕೈ ಅನ್ನೋ ದ್ವೀಪದವ್ರು. 1973ರಲ್ಲಿ ರೋರಿ ಮ್ಯಾಕ್‌ಡೊನಾಲ್ಡ್, ಕ್ಯಾಲಮ್ ಮ್ಯಾಕ್‌ಡೊನಾಲ್ಡ್ ಅನ್ನೋ ಅಣ್ಣತಮ್ಮಂದಿರು ಬ್ಲೇರ್ ಡಗ್ಲಸ್ ಅನ್ನೋ ಗೆಳೆಯನ ಜೊತೆ ಸೇರ್ಕೊಂಡು ಕಟ್ಟಿದ್ದು, ಹಳ್ಳಿ ಹಾಲ್‌ಗಳಲ್ಲಿ ಜನ ಕುಣಿಯೋಕೆ ಬಾರಿಸೋ ಬ್ಯಾಂಡು, ನಮ್ಮ ಕಡೆ ರಿಸೆಪ್ಷನ್ ಆರ್ಕೆಸ್ಟ್ರಾ ಇದ್ದಂಗೆ. ಮರುವರ್ಷ ಡಾನಿ ಮನ್ರೋ ಅನ್ನೋ ಗಾಯಕ ಬಂದು ಸೇರಿದ್ರು. ಅವರ ಭಾಷೆ ಗೇಲಿಕ್. 2011ರ ಜನಗಣತಿ ಪ್ರಕಾರ ಇಡೀ ಸ್ಕಾಟ್ಲೆಂಡಲ್ಲಿ ಗೇಲಿಕ್ ಮಾತಾಡೋರು 57,000 ಚಿಲ್ಲರೆ ಜನ. ಅದೇ ವರ್ಷದ ನಮ್ಮ ಜನಗಣತೀಲಿ ಮಂಡ್ಯ ಜಿಲ್ಲೆ ಒಂದ್ರಲ್ಲೇ 18 ಲಕ್ಷ ಜನ. ಕನ್ನಡದಲ್ಲಿ ಹಾಡಿದ್ರೆ ಮಾರ್ಕೆಟ್ ಎಲ್ಲಿದೆ ಅಂತ ಯಾರಾದ್ರೂ ನಿಮಗೆ ಹೇಳಿದ್ರೆ ಈ ಎರಡು ನಂಬರ್ ನೆನಪಿಟ್ಕೊಳಿ.

1978ರಲ್ಲಿ ಅವರ ಮೊದಲ ಆಲ್ಬಂ ಬಂತು, ಪೂರ್ತಿ ಗೇಲಿಕ್ಕಲ್ಲಿ, ಒಂದೇ ಒಂದು ಇಂಗ್ಲಿಷ್ ಹಾಡಿಲ್ಲ. ಮುಂದಿನ ವರ್ಷ ಎರಡನೇ ಆಲ್ಬಂ ತಮ್ಮದೇ ಸ್ವಂತ ಲೇಬಲ್ಲಿಂದ ತಂದ್ರು. ಹಳ್ಳಿಹಳ್ಳಿ ವ್ಯಾನಲ್ಲಿ ಓಡಾಡ್ತಾ ಹಾಡಿದ್ರು. ದೊಡ್ಡ ಕಂಪನಿ ಜೊತೆ ಅಗ್ರಿಮೆಂಟ್ ಆಗಿದ್ದು 80ರ ದಶಕದ ಕೊನೇಲಿ, ಅಂದ್ರೆ ಶುರುವಾಗಿ ಸುಮಾರು ಹದಿನೈದು ವರ್ಷಕ್ಕೆ. 1991ರಲ್ಲಿ ಲಾಕ್ ಲೋಮಂಡ್ ಅನ್ನೋ ಸರೋವರದ ದಡದಲ್ಲಿ ಶೋ ಮಾಡಿದಾಗ ಸುಮಾರು 50,000 ಜನ ಬಂದಿದ್ರು. ಆ ಸರೋವರದ ಮೇಲೆ ಒಂದು ಹಳೇ ಜನಪದ ಹಾಡಿದೆ, ಸ್ಕಾಟ್ಲೆಂಡಲ್ಲಿ ಮಕ್ಕಳಿಗೂ ಗೊತ್ತಿರೋ ಹಾಡು, ಅದನ್ನ ಅವರು ರಾಕ್ ಮಾಡಿ ಪ್ರತಿ ಶೋ ಕೊನೇಲಿ ಹಾಡೋರು, ಜನ ಪೂರ್ತಿ ಹಾಡನ್ನ ತಾವೇ ಹಾಡೋರು. 1995ರಲ್ಲಿ ಅವರ ಒಂದು ಗೇಲಿಕ್ ಹಾಡು ಬಿಯರ್ ಜಾಹೀರಾತಲ್ಲಿ ಬಂದು ಬ್ರಿಟನ್ನಿನ ಟಾಪ್ 20ರೊಳಗೆ ಹೋಯ್ತು, ಆ ಭಾಷೆಯ ಹಾಡೊಂದು ಅಲ್ಲಿಗೆ ಹೋಗಿದ್ದು ಅದೇ ಮೊದಲು. ಜಾಹೀರಾತು ಅದೃಷ್ಟಾನೇ, ಆದ್ರೆ ಆ ಅದೃಷ್ಟ ಬರೋ ಹೊತ್ತಿಗೆ ಅವರು ಇಪ್ಪತ್ತೆರಡು ವರ್ಷ ಹಾಡಿದ್ರು.

1997ರಲ್ಲಿ ಡಾನಿ ಮನ್ರೋ ರಾಜಕೀಯಕ್ಕೆ ಅಂತ ಬ್ಯಾಂಡ್ ಬಿಟ್ರು. ಎಲ್ಲರ ಕಿವೀಲಿ ಆ ಧ್ವನೀನೇ ಇದ್ದದ್ದು. ಇವರು ನಿಲ್ಲಿಸ್ಲಿಲ್ಲ, ಕೆನಡಾದಿಂದ ಬ್ರೂಸ್ ಗುತ್ರೋ ಅನ್ನೋ ಗಾಯಕನ್ನ ಕರ್ಕೊಂಡು ಬಂದ್ರು, ಇನ್ನೂ ಇಪ್ಪತ್ತು ವರ್ಷ ನಡೆಸಿದ್ರು. 2018ರ ಆಗಸ್ಟಲ್ಲಿ ಸ್ಟರ್ಲಿಂಗ್ ಕೋಟೆ ಕೆಳಗಡೆ ಎರಡು ರಾತ್ರಿ ಕೊನೇ ಶೋ ಮಾಡಿ ತಾವಾಗೇ ಮುಗಿಸಿದ್ರು. 45 ವರ್ಷ. ಧ್ವನಿ ಬದಲಾದ್ರೂ ಬ್ಯಾಂಡ್ ಯಾಕೆ ಬೀಳ್ಲಿಲ್ಲ ಅಂದ್ರೆ, ಹಾಡು ಬರೀತಿದ್ದದ್ದು ಆ ಅಣ್ಣತಮ್ಮಂದ್ರು, ಅವರು ಊರಿನ ಕತೇನೇ ಬರೀತಿದ್ರು, ಜಮೀನು ಕಳ್ಕೊಂಡೋರದ್ದು, ಊರು ಬಿಟ್ಟು ಹೋದೋರದ್ದು, ಭಾಷೆ ಮರೀತಿರೋ ಮಕ್ಕಳದ್ದು. ರನ್‌ರಿಗ್ ಅನ್ನೋ ಹೆಸರೇ ಆ ಕಡೆ ಊರವರು ಹೊಲವನ್ನ ಪಟ್ಟಿಪಟ್ಟಿಯಾಗಿ ಹಂಚ್ಕೊಂಡು ಉಳ್ತಿದ್ದ ಹಳೇ ಪದ್ಧತಿಯ ಹೆಸರು.

ಈಗ ಯಾರ ಹತ್ರ ಕಲಿತ್ರಿ ಅನ್ನೋ ಮಾತಿಗೆ ಬರ್ತೀನಿ. ಇಲ್ಲಿ ನನ್ನ ಮನಸ್ಸಲ್ಲಿ ಒಂದು ನೋವಿದೆ, ಹೇಳೇ ಹೇಳ್ತೀನಿ. ಹತ್ತು ಹನ್ನೆರಡು ವರ್ಷದ ಹಿಂದೆ ಒಂದು ಬ್ಯಾಂಡ್‌ಗೆ ನಾನು ಖಾಯಂ ಸೌಂಡ್ ಮಾಡ್ತಿದ್ದೆ, ಒಳ್ಳೇ ಹುಡುಗ್ರು, ಒಳ್ಳೇ ಕೈ. ಒಬ್ಬ ವಯಸ್ಸಾದ ನೀಲಗಾರರನ್ನ, ಅಂದ್ರೆ ಮಂಟೇಸ್ವಾಮಿ ಪದ ಹಾಡೋರನ್ನ, ಕರ್ಕೊಂಡು ಬಂದು ಪದ ಹೇಳಿಸ್ಕೊಂಡ್ರು, ರೂಮಲ್ಲಿ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡ್ರು, ಎರಡು ಶೋಗೆ ಸ್ಟೇಜಿಗೂ ಹತ್ತಿಸಿದ್ರು. ಸ್ಟೇಜಲ್ಲಿ ಆ ಅಜ್ಜನ ಮೈಕ್ ಸ್ವಲ್ಪ ಕಮ್ಮಿ ಮಾಡಿ ಸಾರ್, ಟೈಮಿಂಗ್ ಹೋಗ್ತಿದೆ ಅಂದ್ರು. ನಾನೂ ಕಮ್ಮಿ ಮಾಡ್ದೆ. ಮಾಡಬಾರದಿತ್ತು. ಆಮೇಲೆ ಹಾಡು ರಿಲೀಸ್ ಆಯ್ತು, ಅದ್ರಲ್ಲಿ ಅಜ್ಜನ ಹೆಸರಿಲ್ಲ, ಬರೀ ಸಾಂಪ್ರದಾಯಿಕ ಅಂತ ಇತ್ತು. ಅವರ ಮಗ ನನ್ನನ್ನ ಒಂದ್ ಜಾತ್ರೇಲಿ ಸಿಕ್ಕಿ ಕೇಳ್ದ, ಸಾರ್ ನಮ್ಮಪ್ಪನ ಹೆಸರು ಎಲ್ಲೂ ಹಾಕ್ಲಿಲ್ವಲ್ಲ ಅಂತ. ನನ್ನ ಹತ್ರ ಉತ್ತರ ಇರ್ಲಿಲ್ಲ. ಆ ಬ್ಯಾಂಡಿಗೆ ಎರಡನೇ ಹಾಡು ಬೇಕಾದಾಗ ಆ ಮನೆ ಬಾಗಿಲು ಮುಚ್ಚಿತ್ತು, ಬೇರೆ ಕಡೇನೂ ಸುದ್ದಿ ಹೋಗಿತ್ತು, ಮತ್ತೆ ಅದೇ ನಾಲ್ಕು ಹಾಡು ತಿರುಗಿಸಿ ತಿರುಗಿಸಿ ಹಾಡಿ ಬ್ಯಾಂಡ್ ಮುಗೀತು.

ಅದಕ್ಕೇ ಹೇಳ್ತೀನಿ, ನೀವು ಕೂತಿರೋದು ಬಾವಿ ಕಟ್ಟೆ ಮೇಲೇನೇ. ಮಳವಳ್ಳಿ ತಾಲೂಕಿನ ಬೊಪ್ಪೇಗೌಡನಪುರ, ಕೊಳ್ಳೇಗಾಲದ ಕಡೆ ಚಿಕ್ಕಲ್ಲೂರು, ಕೆ.ಆರ್. ನಗರದ ಕಡೆ ಕಪ್ಪಡಿ, ಈ ಜಾತ್ರೆಗಳಿಗೆ ಹೋಗಿ ರಾತ್ರಿ ಪೂರ್ತಿ ಕೂತ್ಕೊಳಿ. ಅಲ್ಲಿ ನೀಲಗಾರರು ತಂಬೂರಿ, ಗಗ್ಗರ, ಡಕ್ಕೆ ಇಷ್ಟರಲ್ಲೇ ಬೆಳಗಾಗೋವರ್ಗೂ ಜನಾನ ಹಿಡಿದು ಕೂರಿಸ್ತಾರೆ. ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ ನಮ್ಮ ಕಡೆ ಎಷ್ಟು ಟ್ರ್ಯಾಕ್ಟರ್‌ಗಳಲ್ಲಿ, ಎಷ್ಟು ಟೀ ಅಂಗಡೀಲಿ ಓಡಿದೆ ಅಂತ ನಿಮ್ಮಪ್ಪನ್ನೇ ಕೇಳಿ. ಮೈಸೂರಲ್ಲಿ ಕಂಸಾಳೆ ಮಹದೇವಯ್ಯನವರು ಇದ್ರು, ಬೀಸು ಕಂಸಾಳೆನ ದೂರದೂರದ ವೇದಿಕೆಗೆ ತಗೊಂಡೋದೋರು. ಪುಸ್ತಕದಲ್ಲಿ ಬೇಕು ಅಂದ್ರೆ ಪಿ.ಕೆ. ರಾಜಶೇಖರ ಅವರು 1973ರಲ್ಲಿ ತಂದ ಮಲೆಯ ಮಾದೇಶ್ವರ ಇದೆ, ಜಾನಪದ ವಿದ್ವಾಂಸ ಜೀ.ಶಂ.ಪ. ಅವರಂಥೋರು ದುಡಿದು ಕಟ್ಟಿದ ಜಾನಪದ ವಸ್ತುಸಂಗ್ರಹಾಲಯ ಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿದೆ, ನಿಮ್ಮ ನಾಗಮಂಗಲ ತಾಲೂಕಿನೋರೇ ಆದ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ರಾಮನಗರದ ಹತ್ರ ಹೈವೇ ಪಕ್ಕದಲ್ಲೇ ಇದೆ. ಇಂಗ್ಲೆಂಡಿನ ಫೇರ್‌ಪೋರ್ಟ್ ಕನ್ವೆನ್ಷನ್ ಬ್ಯಾಂಡಿನವ್ರೂ ಇದನ್ನೇ ಮಾಡಿದ್ದು. 1969ರ ಮೇ ತಿಂಗಳಲ್ಲಿ ಶೋ ಮುಗಿಸಿ ಬರ್ತಾ ವ್ಯಾನ್ ಆಕ್ಸಿಡೆಂಟ್ ಆಗಿ ಡ್ರಮ್ಮರ್ ತೀರ್ಕೊಂಡ, ಇನ್ನೂ 19 ವರ್ಷದ ಹುಡುಗ. ಉಳಿದೋರು ಒಂದು ಮನೇಲಿ ಒಟ್ಟಿಗಿದ್ದು, ಅವರಲ್ಲೊಬ್ಬರು ಲಂಡನ್ನಿನ ಜನಪದ ಸಂಗ್ರಹದಲ್ಲಿ ಕೂತು ಹಳೇ ಲಾವಣಿಗಳನ್ನ ಹುಡುಕಿ ತೆಗೆದು, ಅದೇ ವರ್ಷ ಮಾಡಿದ ಆಲ್ಬಮ್ಮಿಂದಾನೇ ಇಂಗ್ಲಿಷ್ ಫೋಕ್ ರಾಕ್ ಅನ್ನೋದಕ್ಕೆ ಒಂದು ದಾರಿ ಆಯ್ತು.

ಪದ ಆರಿಸೋವಾಗ ಒಂದು ಮಾತು. ನಮ್ಮಲ್ಲಿ ಕಾವ್ಯ ಸಾಲುಸಾಲಾಗಿ ಬರುತ್ತೆ, ಸಂಕಮ್ಮನ ಸಾಲು ಅಂತ ಇದ್ಯಲ್ಲ, ಅದ್ರಲ್ಲಿ ಗಂಡ ನೀಲೇಗೌಡ ಜೇನು ಕೀಳೋಕೆ ಹೋಗ್ವಾಗ ಭಾಷೆ ಕೊಡು ಅಂತಾನೆ, ಆ ಹೆಣ್ಣುಮಗಳು ಕೊಡಲ್ಲ ಅಂತಾಳೆ, ಅವನು ಕೊಡಬಾರದ ಹಿಂಸೆ ಕೊಟ್ಟು ಕೂಡಿಹಾಕಿ ಹೋಗ್ತಾನೆ, ಅವಳು ಮಾದಪ್ಪನ್ನ ಕೂಗ್ತಾಳೆ. ಆ ಕೂಗನ್ನ ತಗೊಂಡು ಜನ ಎಗರೋ ಬೀಟ್‌ಗೆ ಕೂರಿಸಿರೋದನ್ನ ಕೇಳಿದೀನಿ, ಹೊಟ್ಟೆ ತೊಳಸುತ್ತೆ. ಅಲ್ಲಿ ಡ್ರಮ್ಸ್ ಸುಮ್ನಿರ್ಬೇಕು, ಬರೀ ತಂಬೂರಿ ಶ್ರುತಿ, ಬೇಕಿದ್ರೆ ನಿಮ್ಮ ವಯಲಿನ್ ಒಂದೇ ಸ್ವರ ಹಿಡಿದು ನಿಲ್ಲಲಿ. ಮಾದಪ್ಪ ಬಂದ ಮೇಲೆ ಕಂಸಾಳೆ ಬೀಸಿ, ಆಗ ಎಗರಿಸಿ ಜನಾನ.

ಸೌಂಡಿನೋನಾಗಿ ಇನ್ನೆರಡು ಮಾತು. ಕಂಸಾಳೆ ಸದ್ದೂ ಡ್ರಮ್‌ಸೆಟ್ಟಿನ ಸಿಂಬಲ್ ಸದ್ದೂ ಒಂದೇ ಜಾಗದಲ್ಲಿ ಕೂರುತ್ತೆ, ಎರಡೂ ಕಂಚು, ಎರಡೂ ತೀಕ್ಷ್ಣ. ಕಂಸಾಳೆ ಇರೋ ಕಡೆ ನಿಮ್ಮ ಡ್ರಮ್ಮರ್ ಹೈಹ್ಯಾಟ್, ಅಂದ್ರೆ ಆ ಜೋಡಿ ಸಿಂಬಲ್, ಮುಟ್ಟಬಾರದು, ಕಿಕ್ಕು ಟಾಮ್ಮು ಇಷ್ಟರಲ್ಲೇ ಇರ್ಲಿ, ಇದೊಂದು ಮಾಡಿದ್ರೆ ಅರ್ಧ ಗದ್ದಲ ಹೋಗುತ್ತೆ. ಶ್ರುತಿ ಪದ ಹೇಳೋರದ್ದು, ಗಿಟಾರಿನೋನು ಕಾಪೋ (ಶ್ರುತಿ ಏರಿಸೋಕೆ ತಂತಿ ಮೇಲೆ ಹಾಕೋ ಕ್ಲಿಪ್) ಹಾಕ್ಕೊಂಡು ಅವರ ಹತ್ರ ಹೋಗ್ಬೇಕು, ಅವರನ್ನ ಎಳೆದು ನಿಮ್ಮ ಸ್ಕೇಲಿಗೆ ತರಬೇಡಿ. ಆಮೇಲೆ ಕಿವೀಲಿ ಟಿಕ್ ಟಿಕ್ ಅಂತ ಲಯ ಹೇಳೋ ಕ್ಲಿಕ್ ಟ್ರ್ಯಾಕ್ ಬಳಸೋದು ಬಿಡಿ. ಹಳೇ ಪದಗಾರರು ಸಾಲನ್ನ ಉಸಿರಿರೋವರ್ಗೂ ಎಳೀತಾರೆ, ಒಂದ್ಸಲ ನಾಲ್ಕು ಆವರ್ತ, ಇನ್ನೊಂದ್ಸಲ ಐದೂವರೆ. ಅದು ತಪ್ಪಲ್ಲ, ಅದೇ ಆ ಹಾಡಿನ ನಡಿಗೆ, ನೀವು ಅವರ ಮುಖ ನೋಡ್ಕೊಂಡು ನುಡಿಸೋದು ಕಲೀಬೇಕು. ಟೈಮಿಂಗ್ ಹೋಗ್ತಿದೆ ಅಂತ ಅಜ್ಜನ ಮೈಕ್ ಇಳಿಸಿದ್ದು ನೆನಪಾದಾಗೆಲ್ಲ ನನಗೆ ಇದೇ ಅನ್ಸೋದು, ಟೈಮಿಂಗ್ ಹೋಗಿದ್ದು ನಮ್ಮದು.

ಪರ್ಮಿಷನ್ ವಿಚಾರ. ಯಾರು ಕಟ್ಟಿದ್ದು ಅಂತಾನೇ ಗೊತ್ತಿಲ್ಲದ ಪರಂಪರೆಯ ಪದಕ್ಕೆ ಕಾಪಿರೈಟ್ ಇಲ್ಲ, ಯಾರು ಬೇಕಾದ್ರೂ ಹಾಡ್ಬೋದು. ನೀವು ಮಾಡಿದ ಅರೇಂಜ್‌ಮೆಂಟು, ನೀವು ಮಾಡಿದ ರೆಕಾರ್ಡಿಂಗು, ಅದು ನಿಮ್ದು. ಕವಿ ಬರೆದಿದ್ದಾದ್ರೆ ನಮ್ಮ ಕಾನೂನಲ್ಲಿ ಕವಿ ತೀರ್ಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕಿರುತ್ತೆ. ಷರೀಫರು ಹೋಗಿದ್ದು 1889ರಲ್ಲಿ, ಸಾಹಿತ್ಯ ಯಾವತ್ತೋ ಮುಕ್ತ. ಬೇಂದ್ರೆ ಹೋಗಿದ್ದು 1981, ಹಾಗಾಗಿ 2041 ಮುಗಿಯೋವರ್ಗೂ ಅವರ ವಾರಸುದಾರರ ಒಪ್ಪಿಗೆ ಬೇಕು. ಕುವೆಂಪು 1994, ಅಂದ್ರೆ 2054. ಇಲ್ಲಿ ತುಂಬಾ ಜನ ಎಡವೋದು ಷರೀಫರ ವಿಷ್ಯದಲ್ಲೇ. ಸಾಹಿತ್ಯ ಮುಕ್ತ ಆದ್ರೂ ನೀವು ಹಾಡ್ತಿರೋ ರಾಗ ಸಿ. ಅಶ್ವಥ್ ಅವರು ಹಾಕಿದ್ದಾಗಿದ್ರೆ ಅದು ಅವರ ಸಂಗೀತ, ಅವರು ತೀರ್ಕೊಂಡಿದ್ದು 2009ರ ಡಿಸೆಂಬರಲ್ಲಿ, ಅದಕ್ಕೆ 2069ರವರೆಗೂ ಹಕ್ಕಿದೆ. ಹಾಗಾಗಿ ಒಂದೋ ಒಪ್ಪಿಗೆ ತಗೊಳಿ, ಇಲ್ಲಾ ಭಜನೆ ಮನೆಗಳಲ್ಲಿ ಹಾಡೋ ಹಳೇ ಮಟ್ಟು ಹುಡುಕಿ, ಇಲ್ಲಾ ನೀವೇ ಹೊಸ ಮಟ್ಟು ಹಾಕಿ. ಮೂರನೇದು ನಿಮ್ಮ ಕೈಲಾಗುತ್ತೆ ಅಂತ ನನ್ ನಂಬಿಕೆ.

ಯೂಟ್ಯೂಬಿಗೆ ಹಾಕಿದಾಗ ಯಾವ್ದೋ ಆಡಿಯೋ ಕಂಪನಿ ಕ್ಲೇಮ್ ಬರ್ಬೋದು, ಅದೇ ಪದದ ಹಳೇ ಕ್ಯಾಸೆಟ್ ಅವರದ್ದಿರುತ್ತೆ. ಅವರ ಹಕ್ಕು ಆ ರೆಕಾರ್ಡಿಂಗ್ ಮೇಲೆ, ಪರಂಪರೆಯ ಪದದ ಮೇಲಲ್ಲ, ಗಾಬರಿಯಾಗದೇ ಅದನ್ನೇ ಬರೆದು ಡಿಸ್ಪ್ಯೂಟ್ ಹಾಕಿ. ಸ್ವಂತ ಹಾಡು ಬರ್ದಾಗ ಬರೆದೋರು, ಮಟ್ಟು ಹಾಕಿದೋರು ಐಪಿಆರ್‌ಎಸ್ ಅಂತ ಹಾಡಿನ ರಾಯಲ್ಟಿ ವಸೂಲಿ ಮಾಡಿ ಹಂಚೋ ಸಂಸ್ಥೆಗೆ ಮೆಂಬರ್ ಆಗಿ. ಕಾಪಿರೈಟ್ ಕಾನೂನಿಗೆ 2012ರ ತಿದ್ದುಪಡಿ ಆದ ಮೇಲೆ ಸಿನಿಮಾದವರು ನಿಮ್ಮ ಹಾಡು ತಗೊಂಡ್ರೂ ಸಾಹಿತಿ ಸಂಗೀತಗಾರರ ರಾಯಲ್ಟಿ ಪಾಲನ್ನ ಕಂಪನಿಗೆ ಬರ್ಕೊಡೋಕೆ ಬರಲ್ಲ, ಅಗ್ರಿಮೆಂಟಲ್ಲಿ ಏನೇ ಟೈಪ್ ಮಾಡಿರ್ಲಿ. ಸೈನ್ ಹಾಕೋ ಮುಂಚೆ ಒಬ್ಬ ವಕೀಲರಿಗೆ ತೋರಿಸಿ.

ಇನ್ನು ಪದ ಕಲಿಸಿದೋರ ವಿಷ್ಯ, ಕಾನೂನು ಏನೂ ಕೇಳದೇ ಇರೋ ಕಡೆ ನೀವಾಗೇ ಮಾಡ್ಬೇಕಾದ್ದು. ಹೆಸರು ಊರು ಎರಡೂ ಹಾಕಿ, ಹಾಡಿನ ಶೀರ್ಷಿಕೆ ಕೆಳಗೇ, ಡಿಸ್ಕ್ರಿಪ್ಷನ್ ಕೊನೇಲಲ್ಲ. ಸ್ಟೇಜಲ್ಲಿ ಮೈಕಲ್ಲಿ ಹೇಳಿ. ದುಡ್ಡು ಹಂಚೋವಾಗ ಐದು ಜನಕ್ಕೆ ಐದು ಪಾಲು ಮಾಡಬೇಡಿ, ಆರು ಪಾಲು ಮಾಡಿ, ಆರನೇದು ಬ್ಯಾಂಡ್ ಖಾತೆಗೆ, ಅದ್ರಲ್ಲೇ ತಂತಿ, ರಿಪೇರಿ, ರೆಕಾರ್ಡಿಂಗ್, ವ್ಯಾನ್ ಬಾಡಿಗೆ. ಪದಗಾರರು ಜೊತೇಲಿ ಬಂದಿದ್ರೆ ಏಳು ಪಾಲು, ಅವರಿಗೂ ನಿಮ್ಮಷ್ಟೇ. ಕಮ್ಮಿ ಬೇಡ.

ಕೆಲಸ ಬಿಡ್ಬೇಕಾ? ಈಗ ಬೇಡ. ಮೇಲೆ ಹೇಳಿದ ವರ್ಷಗಳನ್ನ ನೋಡಿ, ಒಬ್ಬರಿಗೆ ಹತ್ತು, ಒಬ್ಬರಿಗೆ ಏಳು, ಒಬ್ಬರಿಗೆ ಹದಿನೈದು. ಆ ವರ್ಷಗಳನ್ನ ಸಾಲ ಇಲ್ಲದೇ ದಾಟೋದು ಮುಖ್ಯ. ನಾನು ನೋಡಿರೋ ಪ್ರಕಾರ ಬ್ಯಾಂಡ್ ಮುರಿಯೋದು ಸಂಗೀತದ ಜಗಳಕ್ಕಲ್ಲ, ಮನೆ ಬಾಡಿಗೆ ದಿನ ಬಂದಾಗ. ರಿಸೆಪ್ಷನ್ ಶೋ ಬಿಡಬೇಡಿ, ಅದು ಅವಮಾನ ಅಲ್ಲ, ರನ್‌ರಿಗ್ ಅಲ್ಲೇ ಬೆಳೆದಿದ್ದು. ಆದ್ರೆ ಪ್ರತಿ ಶೋನಲ್ಲೂ ಹದಿನೈದು ನಿಮಿಷ ನಿಮ್ಮ ಸ್ವಂತ ಹಾಡಿರ್ಲಿ, ಸಿನಿಮಾ ಹಾಡು ಕೇಳೋಕೆ ಬಂದೋರು ಆ ಹದಿನೈದು ನಿಮಿಷದಲ್ಲಿ ಊಟದ ಹಾಲಿಗೆ ಎದ್ದು ಹೋಗ್ತಾರಾ ಕೂರ್ತಾರಾ ಅಂತ ನೋಡ್ತಾ ಬನ್ನಿ, ಅದಕ್ಕಿಂತ ನಿಜವಾದ ಪರೀಕ್ಷೆ ಸಿಗಲ್ಲ. ರಂಗಾಯಣದ ಬಹುರೂಪಿ ನಾಟಕೋತ್ಸವ, ಊರೂರಿನ ಕನ್ನಡ ರಾಜ್ಯೋತ್ಸವ, ಶ್ರೀರಂಗಪಟ್ಣ ದಸರಾ ಇವಕ್ಕೆಲ್ಲ ಮುಂಚೇನೇ ಅರ್ಜಿ ಹಾಕಿ, ಒಂದು ಒಳ್ಳೇ ಲೈವ್ ವಿಡಿಯೋ ಇಟ್ಕೊಂಡಿರಿ, ಸ್ಟುಡಿಯೋದಲ್ಲಿ ತುಟಿ ಆಡಿಸಿರೋದಲ್ಲ.

ವಯಲಿನ್ ಹುಡುಗನ ವಿಷ್ಯಕ್ಕೆ ನೀವು ಇಷ್ಟು ಹೆದರೋದು ಬೇಡ. ಮಂಡ್ಯದಿಂದ ಬೆಂಗಳೂರಿಗೆ ದಿನಾ ಟ್ರೈನಲ್ಲಿ ಹೋಗಿ ಬರೋರು ಸಾವಿರಾರು ಜನ ಇದಾರೆ, ಅವನು ವಾರಕ್ಕೊಂದ್ಸಲ ಬಂದ್ರೆ ಸಾಕು. ಶನಿವಾರ ಸಂಜೆ ಬಂದು ಭಾನುವಾರ ಬೆಳಿಗ್ಗೆ ಪ್ರಾಕ್ಟೀಸ್, ಇದನ್ನ ಎಲ್ರೂ ಒಪ್ಕೊಂಡು ಒಂದು ವರ್ಷ ನಡೆಸಿ ನೋಡಿ. ಅವನು ಬರೋಕಾಗದ ಶೋಗಳಿಗೆ ಇನ್ನೊಬ್ಬ ವಯಲಿನ್ನಿನವ್ರನ್ನ ಹುಡುಕೋಕೆ ಹೋಗ್ಬೇಡಿ. ಆ ಜಾಗದಲ್ಲಿ ಒಬ್ಬ ತಂಬೂರಿಯವರನ್ನ ಕೂರಿಸಿ, ಹಾಡು ಬೇರೆ ಥರಾನೇ ಕೇಳ್ಸುತ್ತೆ. ನಿಮ್ಮ ಊರಿನ ಸುತ್ತ ಹತ್ತು ಕಿಲೋಮೀಟರಲ್ಲಿ ಯಾರಿದಾರೆ ಅಂತ ಈ ವಾರಾನೇ ವಿಚಾರಿಸಿ. ಅವರಿಗೆ ಮೈಕ್ ಹೇಗೆ ಹಾಕೋದು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಮತ್ತೆ ಬರೀರಿ, ತಂಬೂರಿ ಬುರುಡೆಗೆ ಕ್ಲಿಪ್ ಮೈಕ್ ಎಲ್ಲಿ ಕೂರಿಸ್ಬೇಕು ಅಂತ ಫೋಟೋ ತೆಗೆದು ಕಳಿಸ್ತೀನಿ.